ಅವ್ವನ ಬರಿಗಾಲ ಹರಕೆಯೂ ನನ್ನ ರಬ್ಬರ್ ರಸ್ತೆಯೂ

ರಸ್ತೆ ಕೆಲಸದಲ್ಲಿ ಹದಿನೈದು ವರ್ಷ ಕಳೆದವನಿಗೆ ಗಾಬರಿ ಎನ್ನುವುದು ಆಗುವುದಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಚಿಕ್ಕೋಡಿ ಕಡೆಯ ಜನ ಎದುರಿಗೆ 'ಇನ್‌ಸ್ಪೆಕ್ಟರ್ ಸಾಹೇಬ್ರು' ಎಂದೂ ಬೆನ್ನ ಹಿಂದೆ 'ಡಾಂಬರ್ ಮಾಸ್ತರ' ಎಂದೂ ಕರೆಯುತ್ತಿದ್ದ ಹುದ್ದೆ ನನ್ನದು. ಕೊಡೆ ಹಿಡಿದು ನಿಂತು ಖಡಿಕಲ್ಲು, ಡಾಂಬರು, ಆಳು, ರೋಲರು ಇವುಗಳ ಮೇಲೆ ಕಣ್ಣಿಡುವುದೇ ಕೆಲಸ. ಬೆಳಿಗ್ಗೆ ಹಾಸಿದ ಡಾಂಬರು ಸಂಜೆ ಎಮ್ಮೆಗಳ ಗೊರಸಿಗೆ ಅಂಟಿಕೊಂಡು ಕೊಟ್ಟಿಗೆ ಸೇರಿದ್ದನ್ನು ನೋಡಿದ್ದೇನೆ. ಉದ್ಘಾಟನೆಗೆ ಬಂದ ಜೀಪು ಉದ್ಘಾಟನೆಯಾಗಬೇಕಾದ ರಸ್ತೆಯಲ್ಲೇ ಹೂತು, ಹಾರ ಹಾಕಿಕೊಂಡವರೇ ಇಳಿದು ದಬ್ಬಿದ್ದನ್ನೂ ನೋಡಿದ್ದೇನೆ. ಇಷ್ಟೆಲ್ಲ ನೋಡಿಯೂ ನನ್ನ ರಾತ್ರಿಯ ಊಟ ಒಂದು ತುತ್ತೂ ಕಡಿಮೆಯಾಗಿರಲಿಲ್ಲ. ಅಂಥ ನನ್ನ ಎದೆ ಒಂದು ಮಟಮಟ ಮಧ್ಯಾಹ್ನ, ಅಂಗೈಯಗಲದ ಒಂದು ರಬ್ಬರ್ ಚೂರನ್ನು ಕಂಡು ಧಸಕ್ಕೆಂದಿತು. ಅದನ್ನು ಹೇಳುವ ಮೊದಲು ನನ್ನ ಅವ್ವನ ಪಾದಗಳ ಬಗ್ಗೆ ಹೇಳಬೇಕು.

ನಾನು ಮೊದಮೊದಲು ಇದೇ ಕೆಲಸದಲ್ಲಿ ದಿನಗೂಲಿಯವನಾಗಿದ್ದೆ. ಇವತ್ತು ಇದ್ದ ಕೆಲಸ ನಾಳೆ ಇದ್ದೀತು ಎಂಬ ಭರವಸೆ ಇರಲಿಲ್ಲ. ಆಗ ಅವ್ವ ಯಡೂರಿನ ವೀರಭದ್ರ ದೇವರಿಗೆ ಹರಕೆ ಹೊತ್ತಳು. ಮಗನ ನೌಕರಿ ಕಾಯಂ ಆದರೆ ಹನ್ನೆರಡು ಶ್ರಾವಣ ಚಿಕ್ಕೋಡಿಯಿಂದ ಯಡೂರಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ನೌಕರಿ ಕಾಯಂ ಆಯಿತು. ನನ್ನ ಅರ್ಹತೆಯಿಂದ ಆಯಿತೆಂದು ನಾನು ಒಂದೆರಡು ಸಲ ಹೇಳಲು ಪ್ರಯತ್ನಿಸಿದೆ, ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ನಡೆಯಲು ಶುರುಮಾಡಿದಳು. ಅವಳ ಬರಿಗಾಲು ಎಂದರೆ ಅಷ್ಟಿಷ್ಟರ ಬರಿಗಾಲಲ್ಲ. ದಾರಿಯಲ್ಲಿ ಯಾರಾದರೂ ಕೂಡ್ರಲು ಗೋಣಿತಟ್ಟು ಹಾಸಿದರೆ ಅದನ್ನು ಕೈಯಿಂದ ಸರಿಸಿ ನೆಲದ ಮೇಲೆ ಕೂಡುವಳು. ಒಮ್ಮೆ ಕಬ್ಬಿನ ಹೊಲದ ಬದುವಿನಲ್ಲಿ ಮುಳ್ಳು ಚುಚ್ಚಿದಾಗ ಜೊತೆಯವರು ಬಟ್ಟೆ ಕಟ್ಟಲು ಹೋದರೆ, "ಅಂಗಾಲಿಗೆ ಅರಿವಿ ಕಟ್ಟಿದ್ರ ಅದೂ ಕೆರಾ ಮೆಟ್ಟಿದಂಗ ಆತಲ್ಲ" ಎಂದು ಕಾಲು ಎಳೆದುಕೊಂಡಿದ್ದಳಂತೆ. ಕುಂಟುತ್ತಲೇ ಹೋಗಿ, ಕೃಷ್ಣೆಯಲ್ಲಿ ಕಾಲು ತೊಳೆದು, ದೇವರಿಗೆ ಕೈಮುಗಿದು ಬಂದಳು.

ಹೀಗೆ ಮೂರು ಶ್ರಾವಣ ಕಳೆದವು. ಆಗ, ಅಂದರೆ ಎಂಬತ್ತರ ದಶಕದ ನಡುವೆ, ನಮ್ಮ ಕಚೇರಿಗೆ ಒಬ್ಬ ಎಳೆಯ ಎಂಜಿನಿಯರ್ ಸಾಹೇಬರು ಬಂದರು. ಎಲ್ಲಿಯೋ ತರಬೇತಿ ಮುಗಿಸಿ, ಬಿಸಿ ಆರುವ ಮೊದಲೇ ಬಂದವರು. ಕಾದ ಡಾಂಬರಿಗೆ ಹಳೆಯ ರಬ್ಬರಿನ ಚೂರು ಬೆರೆಸಿದರೆ ರಸ್ತೆ ಬಿರುಕು ಬಿಡುವುದಿಲ್ಲ, ಊರಿನ ಕಸವೂ ತೀರುತ್ತದೆ ಎಂಬುದು ಅವರ ಮಾತು. ಪ್ರಯೋಗಕ್ಕೆ ಯಡೂರಿನ ದಾರಿಯಲ್ಲೇ ಒಂದು ಮೈಲಿಯ ತುಂಡು ಗೊತ್ತಾಯಿತು. ರಬ್ಬರು ಕೂಡಿಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಿಪ್ಪಾಣಿಯ ಟೈರ್ ಅಂಗಡಿಗಳನ್ನು ಸುತ್ತಿದೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಮನೆಮನೆಗೆ ಹೋಗಿ, ಟೈರಿನಿಂದ ಅಟ್ಟೆ ಕತ್ತರಿಸಿದಾಗ ಉಳಿಯುವ ಅಂಚುಗಳನ್ನು ಆರಿಸಿ ತಂದೆ. ಅಲ್ಲಿಯ ಒಬ್ಬ ಮುದುಕ ಚೀಲ ಕಟ್ಟಿಕೊಡುತ್ತ, "ಇಷ್ಟ ದಿನ ನಾವು ರಸ್ತೆ ತುಳಿಯಾಕ ಚಪ್ಪಲಿ ಮಾಡತಿದ್ವಿ. ಈಗ ನೀವು ತುಳಿಸ್ಕೊಳ್ಳಾಕ ರಸ್ತೆಗೇ ಚಪ್ಪಲಿ ತೊಡಸ್ತೀರೇನ್ರಿ?" ಎಂದು ಕೇಳಿದ. ಇಬ್ಬರೂ ನಕ್ಕೆವು. ಆ ನಗೆಯನ್ನು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ.

ಡಾಂಬರು ಕುದಿಯುವ ದಿನ ಬಂತು. ಸಾಹೇಬರು ಎಂಟು ಚೀಲ ಬೇಕೆಂದಿದ್ದರು, ಎಣಿಸಿದರೆ ಏಳೂವರೆ ಇತ್ತು. ಲಾರಿ ಮನೆಯ ಮುಂದೆ ಹಾರನ್ ಹೊಡೆಯುತ್ತ ನಿಂತಿದೆ. ಅರ್ಧ ಚೀಲದ ಮಾತಿಗೆ ಕೆಲಸ ನಿಲ್ಲಿಸಿದರೆ ಹೇಗೆ ಎಂದು ನಾನು ಮನೆಯ ಹಿಂದೆ ಮುಂದೆ ಓಡಾಡಿ ಸಿಕ್ಕಿದ್ದನ್ನೆಲ್ಲ ತುಂಬಿದೆ. ಸೈಕಲ್ಲಿನ ಹರಿದ ಟ್ಯೂಬು, ಬಾವಿಯ ರಾಟೆಯ ಪಟ್ಟಿ, ನನ್ನ ಎರಡು ಜೊತೆ ಸವೆದ ಚಪ್ಪಲಿ. ಇನ್ನೂ ಒಂದಿಷ್ಟು ಜಾಗ ಉಳಿಯಿತು. ಪಕ್ಕದ ಮನೆಯ ಸೋನಾಬಾಯಿಗೂ ನಮಗೂ ಕೂಡಿಯೇ ಇದ್ದ ಕಟ್ಟೆಯ ಮೂಲೆಯಲ್ಲಿ ಅವ್ವನ ಟೈರ್ ಅಟ್ಟೆಯ ಚಪ್ಪಲಿ ಬಿದ್ದಿದ್ದವು. ಹೆಬ್ಬೆರಳು ತೂರಿಸುವ ಉಂಗುಟ ಹರಿದಿತ್ತು. ಹೇಗೂ ಬಿಸಾಡುವವೇ ಎಂದು ಅವನ್ನೂ ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಯುದ್ಧ ನಡೆದಿತ್ತು. ಆ ಚಪ್ಪಲಿ ಬಿಸಾಡುವವಲ್ಲವಂತೆ. ಉಂಗುಟ ಹೊಲಿಸಲು ಅವ್ವ ಹೊರಗೆ ಇಟ್ಟಿದ್ದಳಂತೆ. ತೀರಿಹೋದ ಅಪ್ಪ ಕೊನೆಯ ಸಲ ತನ್ನ ಕೈಯಾರೆ ರಿಪೇರಿ ಮಾಡಿ, ಹಿಮ್ಮಡಿಗೆ ಹಿತ್ತಾಳೆಯ ಮೊಳೆ ಬಡಿದ ಚಪ್ಪಲಿ ಅವು. ಮೂರು ಮೊಳೆ ನೆಟ್ಟಗೆ, ನಾಲ್ಕನೆಯದು ಸೊಟ್ಟ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು. ಕಟ್ಟೆಗೆ ಬರುವವಳು ಸೋನಾಬಾಯಿ ಒಬ್ಬಳೇ, ಆದ್ದರಿಂದ ತೆಗೆದುಕೊಂಡವಳೂ ಅವಳೇ ಎಂದು ಅವ್ವ ತೀರ್ಮಾನ ಮಾಡಿಯಾಗಿತ್ತು. ಮರಾಠಿ ಮನೆಮಾತಿನ ಸೋನಾಬಾಯಿ, "ದೇವಾ ಶಪ್ಪತ್, ನಾನು ನೋಡೇ ಇಲ್ಲ ಅಕ್ಕಾ" ಎಂದು ಗಂಟಲು ಹಿಡಿದುಕೊಂಡು ಆಣೆ ಮಾಡುತ್ತಿದ್ದಳು. ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. ಆದರೆ ಅದರೊಳಗಿಂದ ಬಂದದ್ದು "ಚಹಾ ಐತೇನ?" ಎಂಬ ಮಾತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಎಂಟು ವರ್ಷ ಬರಲಿಲ್ಲ. ಅವ್ವ ಮತ್ತು ಸೋನಾಬಾಯಿ ಎಂಟು ವರ್ಷ ಒಂದೇ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಮಾಡಿ ಕೂತು ಶೇಂಗಾ ಸುಲಿದರು.

ರಸ್ತೆಯೇನೋ ಚೆನ್ನಾಗಿ ಬಾಳಿತು. ಕಬ್ಬಿನ ಗಾಡಿಗಳು ತಿರುಗಾಡಿದವು, ನಿಪ್ಪಾಣಿಯ ತಂಬಾಕಿನ ಲಾರಿಗಳು ತಿರುಗಾಡಿದವು, ಪ್ರತಿ ಶ್ರಾವಣದಲ್ಲಿ ನನ್ನ ಅವ್ವನ ಬರಿಗಾಲುಗಳೂ ಅದರ ಮೇಲೆ ಹಾದುಹೋದವು. ಮನೆಗೆ ಬಂದು, "ನಿನ್ನ ರಸ್ತಾ ಮೆತ್ತಗ ಐತಿ ನೋಡಪಾ, ಕಾಲಿಗೆ ಹಿತ ಅನಸ್ತೈತಿ" ಎನ್ನುತ್ತಿದ್ದಳು. ನಾನು ಹಿಗ್ಗುತ್ತಿದ್ದೆ. ಯಾಕೆ ಮೆತ್ತಗಿದೆ ಎಂದು ಅವಳು ಕೇಳಲಿಲ್ಲ, ನಾನಾಗಿ ಹೇಳುವ ಪೈಕಿಯವನೂ ಅಲ್ಲ. ಹನ್ನೊಂದು ನಡಿಗೆ ಮುಗಿದವು. ಇನ್ನು ಒಂದೇ ಒಂದು ಉಳಿದಿತ್ತು. ಅವ್ವನಿಗೆ ಎಪ್ಪತ್ತರ ಹತ್ತಿರ, ಬಲ ಮೊಣಕಾಲು ಊದಿಕೊಳ್ಳುತ್ತಿತ್ತು. ಆದರೂ "ಒಂದ ಉಳದೈತಿ" ಎಂದು ಎಣ್ಣೆ ತಿಕ್ಕಿಕೊಳ್ಳುತ್ತ ಕಾಯುತ್ತಿದ್ದಳು.

ಅದೇ ಬೇಸಿಗೆಯಲ್ಲಿ ಹೊಸ ಸಾಹೇಬರ ಕಾಲಕ್ಕೆ ಹೊಸ ಹುಕುಂ ಬಂತು. ಹಳೆಯ ರಸ್ತೆಯನ್ನು ಕಿತ್ತ ಮಾಲು ಬಿಸಾಡಕೂಡದು, ಒಡೆದು, ಕಾಯಿಸಿ, ಸ್ವಲ್ಪ ಹೊಸ ಡಾಂಬರು ಸೇರಿಸಿ ಮತ್ತೆ ಹಾಸಬೇಕು ಎಂದು. ಪ್ರಯೋಗದ ಮೇಲೆ ಪ್ರಯೋಗಕ್ಕೆ ಮತ್ತೆ ನಮ್ಮ ರಬ್ಬರ್ ರಸ್ತೆಯೇ ಸಿಕ್ಕಿತು. ಹಾರೆ ಹಾಕಿ ಎಬ್ಬಿಸಿದರೆ ರಸ್ತೆ ದೊಡ್ಡ ದೊಡ್ಡ ಹೆಂಟೆಯಾಗಿ ಏಳುತ್ತಿತ್ತು. ಅದನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದಾಗ ಎದ್ದ ಕಪ್ಪು ಹೊಗೆಗೆ ಹೊಸ ಸಾಹೇಬರು ಕೆಮ್ಮುತ್ತ ಜೀಪು ಹತ್ತಿದವರು ಮೂರು ದಿನ ಇಳಿಯಲಿಲ್ಲ. ರೋಲರ್ ಓಡಿಸುವ ಕುಡಚಿಯ ಇಮಾಮಸಾಬ ಮೂಗಿಗೆ ರುಮಾಲು ಕಟ್ಟಿಕೊಂಡು, "ಸಾಹೇಬ್ರ, ರಸ್ತಾ ಸುಡಾಕತ್ತೇವೋ ಯಾರದಾದ್ರೂ ಟ್ರಕ್ ಸುಡಾಕತ್ತೇವೋ?" ಎಂದು ಕೇಳಿದ. ಕಾಯಿಸಿದ ಮಾಲು ಇಲ್ಲಿಗೆ ಬೇಕಾದದ್ದಕ್ಕಿಂತ ಹೆಚ್ಚಾಯಿತು. ಉಳಿದದ್ದನ್ನು ಗುಂಡಿ ಮುಚ್ಚಲು ರಾಯಬಾಗಕ್ಕೆ ಎರಡು ಲಾರಿ, ಕಾಗವಾಡಕ್ಕೆ ಒಂದು, ಅಥಣಿಯ ರಸ್ತೆಗೆ ಒಂದು ಎಂದು ಕಳಿಸುತ್ತ ಹೋದೆ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಕೆಲಸದ ಜಾಗಕ್ಕೆ ಬಸ್ಸಿನಲ್ಲಿ ಬಂದಿಳಿದಳು. ಶ್ರಾವಣದೊಳಗೆ ದಾರಿ ಸಿದ್ಧವಾದೀತೋ ಇಲ್ಲವೋ ಎಂಬ ಚಿಂತೆ ಅವಳದು, ನನ್ನ ಬುತ್ತಿ ತಂದದ್ದು ಬರೀ ನೆವ. ನಾನು ಜಾಲಿ ಗಿಡದ ನೆರಳಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಅವ್ವ ಕಿತ್ತ ಹೆಂಟೆಗಳ ನಡುವೆ ಅಡ್ಡಾಡುತ್ತಿದ್ದವಳು ಒಮ್ಮೆಲೇ ನಿಂತಳು. ಬಗ್ಗಿದಳು. ಮೊಣಕಾಲು ಊದಿದವಳು ಅಷ್ಟು ಬೇಗ ಬಗ್ಗಿದ್ದನ್ನು ನಾನು ನೋಡಿರಲಿಲ್ಲ.

"ಇದು ಏನೋ ಇದು?"

ಎದ್ದು ಹೋಗಿ ನೋಡಿದೆ. ಮಗುಚಿ ಬಿದ್ದ ಹೆಂಟೆಯ ಹೊಟ್ಟೆಯಲ್ಲಿ, ಖಡಿಯ ನಡುವೆ, ಕರಗದೆ ಉಳಿದ ಒಂದು ಚಪ್ಪಲಿಯ ಹಿಮ್ಮಡಿ. ಅದರಲ್ಲಿ ಹಿತ್ತಾಳೆಯ ಮೊಳೆಗಳು. ಮೂರು ನೆಟ್ಟಗೆ, ನಾಲ್ಕನೆಯದು ಸೊಟ್ಟ.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಎಂಟು ವರ್ಷ ಲಾರಿಗಳು ತುಳಿದರೂ ಸುಮ್ಮನಿದ್ದ ಚಪ್ಪಲಿ, ಇಡೀ ಮೈಲಿಯಲ್ಲಿ ಎಲ್ಲಿ ಬೇಕಾದರೂ ಇರಬಹುದಾಗಿದ್ದ ಚಪ್ಪಲಿ, ಅವ್ವ ಬಂದ ದಿನವೇ, ಅವಳ ಕಾಲ ಬುಡದಲ್ಲೇ ಮೇಲೆದ್ದಿತ್ತು. ಅವ್ವ ಬೆರಳಿನಿಂದ ಆ ಸೊಟ್ಟ ಮೊಳೆಯನ್ನು ಸವರಿದಳು. ಅವಳ ಕಣ್ಣು ತುಂಬಿತು. ಅದು ಅಪ್ಪನ ನೆನಪಿನ ನೀರು ಎಂದು ನಾನು ತಿಳಿದೆ. ಅರ್ಧ ನಿಮಿಷ ಅದು ನಿಜವೂ ಆಗಿತ್ತು. ಆಮೇಲೆ ಅವಳು ನನ್ನತ್ತ ನೋಡಿದಳು.

"ಸೋನಿ ಒಯ್ದಿಲ್ಲ."

"ಇಲ್ಲವ್ವ."

"ನೀ ಹಾಕೀದಿ."

"ಹೌದವ್ವ. ಅರ್ಧ ಚೀಲ ಕಮ್ಮಿ ಬಿದ್ದಿತ್ತು."

"ಅಂದ್ರ ಈ ರಸ್ತಾದಾಗ ಚಪ್ಪಲಿ ಅದಾವು."

ಅವ್ವ ಬೆರಳು ಮಡಚಲು ಶುರುಮಾಡಿದಳು. ಎಣಿಸುತ್ತಿದ್ದದ್ದು ತನ್ನ ನಡಿಗೆಗಳನ್ನು. "ಮೂರು ಛಲೋ ಆಗ್ಯಾವು. ನಾಲ್ಕನೇದರಿಂದ ಹನ್ನೊಂದರ ತನಕ, ಎಂಟು, ಚಪ್ಪಲಿ ಮ್ಯಾಲ ನಡದೇನಿ. ಅದೂ ನನ್ನ ಚಪ್ಪಲಿ ಮ್ಯಾಲನ. ದೇವರಿಗೆ ಬರಿಗಾಲು ಅಂತ ಹೇಳಿ ಮೋಸ ಮಾಡೇನಿ." ಇಮಾಮಸಾಬ ಇದನ್ನು ಕೇಳಿ ರೋಲರಿನ ಮೇಲಿಂದಲೇ ಎರಡು ಕೈ ಕಿವಿಗೆ ಮುಟ್ಟಿಸಿಕೊಂಡ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ಎಂಟೂ ಮತ್ತ ನಡೀತೇನಿ. ಕಡೀದೊಂದು ಕೂಡಿ ಒಂಬತ್ತು."

ಒಂಬತ್ತು ವರ್ಷ! ಎಪ್ಪತ್ತರ ಹತ್ತಿರದ ಮುದುಕಿ, ಊದಿದ ಮೊಣಕಾಲು. ನನಗೆ ನಿಜವಾಗಿ ಹೆದರಿಕೆಯಾಯಿತು. ನಗುವ ಮಾತಲ್ಲ, ಅವಳು ಅಂದದ್ದನ್ನು ಮಾಡುವವಳು, ನಡೆಯುತ್ತ ನಡೆಯುತ್ತ ದಾರಿಯಲ್ಲೇ ಬಿದ್ದಾಳು. ಮನೆಗೆ ಹೋಗುವಾಗ ಅವಳು ಆ ಹೆಂಟೆಯನ್ನು ನನ್ನ ತಲೆಯ ಮೇಲೆ ಹೊರಿಸಿದಳು. ನೇರವಾಗಿ ಸೋನಾಬಾಯಿಯ ಬಾಗಿಲಿಗೆ. ಸರಕಾರದ ಒಂದು ತುಂಡು ರಸ್ತೆಯನ್ನು ತಲೆಯ ಮೇಲೆ ಹೊತ್ತು ನಿಂತ ನನ್ನನ್ನು ಕಂಡು ಸೋನಾಬಾಯಿ, "ಅಗ ಬಾಯಿ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವ್ವ ಮೊಳೆ ತೋರಿಸಿ, "ತಪ್ಪಾತವ್ವ ಸೋನೀ, ಕಳ್ಳ ನನ್ನ ಹೊಟ್ಟ್ಯಾಗ ಹುಟ್ಟಿದ್ದ" ಎಂದಳು. ಇಬ್ಬರೂ ತಬ್ಬಿಕೊಂಡು ಅತ್ತರು. ನಾನು ಹೆಂಟೆ ಇಳಿಸಲೋ ಬೇಡವೋ ಎಂದು ಕೇಳಲು ಧೈರ್ಯವಾಗದೆ ಹೊತ್ತುಕೊಂಡೇ ನಿಂತಿದ್ದೆ. ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು, "ನನ್ನ ಹೊಸ ಚಪ್ಪಲಿ ಎಲ್ಲಿ ಅದಾವ ನೋಡಿ ಬರ್ತೇನಿ" ಎಂದು ಒಳಗೆ ಹೋದಳು.

ಸುದ್ದಿ ಡಾಂಬರಿನ ಹೊಗೆಗಿಂತ ಬೇಗ ಹರಡಿತು. ಯಡೂರಿಗೆ ಬರಿಗಾಲಲ್ಲಿ ನಡೆಯುವವಳು ನನ್ನ ಅವ್ವ ಒಬ್ಬಳೇ ಅಲ್ಲವಲ್ಲ. ಬೇಡಕಿಹಾಳದಿಂದ ಐದಾರು ಜನ ಹಿರಿಯರು ಕಟ್ಟೆಗೆ ಬಂದು ಕೂತು, "ನಾವೂ ಒಂದ ವರ್ಷ ಚಿಕ್ಕೋಡಿ ಮ್ಯಾಲಿಂದ ಹೋಗಿದ್ವಿ. ನಮ್ಮದೂ ಕೆಡತೇನ್ರಿ?" ಎಂದು ಕೇಳಿದರು. ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿಗೆ ಚಪ್ಪಲಿ ಇದೆ ಎಂದು ಬರೆದು ಕೊಡಿ ಎಂದರು. ಬರೆಯಲು ನನಗೆ ಗೊತ್ತಿದ್ದರೆ ತಾನೆ? ಕಾಯಿಸಿದ ಮಾಲು ಸುತ್ತಲಿನ ಊರುಗಳ ಗುಂಡಿಗಳಿಗೆ ಹೋಗಿ ಕೂತಿತ್ತು. ಯಾವ ಗುಂಡಿಗೆ ಯಾವ ಚಪ್ಪಲಿ ಹೋಯಿತೆಂದು ದೇವರಿಗೇ ಗೊತ್ತು ಎನ್ನಬೇಕೆಂದರೆ, ದೇವರಿಗೆ ಗೊತ್ತಿದ್ದರೇ ತಾನೆ ತೊಂದರೆ. ಕಾಗವಾಡದಿಂದ ಬಂದವನೊಬ್ಬ, "ನಂದೇನ ಹರಕಿ ಇಲ್ರಿ. ಆದ್ರ ನಮ್ಮ ಮನೀ ಮುಂದ ಯಾರ ಚಪ್ಪಲಿ ಬಿಟ್ಟೀರಿ ಅನ್ನೂದು ಗೊತ್ತಿರಬೇಕಲ್ಲ" ಎಂದ. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ನಾನು ವಾದ ಮಾಡಿ ನೋಡಿದೆ. ಕುದಿಯುವ ಡಾಂಬರಿನಲ್ಲಿ ಬೆಂದ ಮೇಲೆ ಅದು ಚಪ್ಪಲಿ ಹೇಗಾದೀತು, ಅದು ರಸ್ತೆ ಎಂದೆ. "ಹಂಗಾದ್ರ ನನಗ ಗುರತು ಹೆಂಗ ಸಿಕ್ಕಿತು?" ಎಂದಳು ಅವ್ವ. ಬಸ್ಸಿನ ಟೈರು ರಸ್ತೆಗೆ ತಾಗುವುದಿಲ್ಲವೇ ಎಂದೆ. "ಬಸ್ಸಿನ ಗಾಲಿ ನಾ ಯಾವತ್ತ ಮೆಟ್ಟೀನಿ?" ಎಂದಳು. ಕಡೆಗೆ ನನಗೆ ಅತ್ಯುತ್ತಮ ಉಪಾಯ ಹೊಳೆಯಿತು. ಊರಿನಲ್ಲಿ ಅವ್ವ ಎದುರು ಮಾತಾಡದೆ ಕೇಳುವುದು ಒಬ್ಬರ ಮಾತನ್ನು ಮಾತ್ರ. ಶಾಸ್ತ್ರ ಬಲ್ಲ ಮುದುಕ ಅಯ್ಯನವರು. ಅವರನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವರಿಗೆ ಅವ್ವನ ಮೊಣಕಾಲಿನ ಸ್ಥಿತಿ ವಿವರಿಸಿದೆ. ಅವರು ಹೆಂಟೆಯನ್ನು ನೋಡಿದರು, ಮೊಳೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವ್ವನಿಗೆ ಹೇಳಿದರು: "ಗೊತ್ತಿಲ್ಲದ ಮೆಟ್ಟಿದ್ದು ದೋಷಕ್ಕ ಬರೂದಿಲ್ಲ ತಂಗೀ. ನಿನ್ನ ಹನ್ನೊಂದೂ ಮುಟ್ಯಾವು. ಕಡೀದೊಂದು ನಡದು ಮುಗಸು."

ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಅವ್ವ ಕೈಮುಗಿದಳು, ಮುಖ ಅರಳಿತು. ಆಮೇಲೆ ಬಹಳ ಸಮಾಧಾನದಿಂದ ಕೇಳಿದಳು:

"ನನಗ ಗೊತ್ತಿರಲಿಲ್ಲರಿ, ಖರೆ. ಆದ್ರ ಇವಗ ಗೊತ್ತಿತ್ತಲ್ಲರಿ?"

ಅಯ್ಯನವರು ನನ್ನತ್ತ ತಿರುಗಿದರು. ಅವರನ್ನು ಸೈಕಲ್ಲಿನ ಮೇಲೆ ಕರೆತಂದದ್ದು ನಾನೇ ಎಂಬುದನ್ನು ಅವರು ಪೂರ್ತಿ ಮರೆತಂತಿತ್ತು. "ಗೊತ್ತಿದ್ದವಂಗ ದೋಷ ಐತಿ" ಎಂದರು. ಎಂಟು ನಡಿಗೆ, ಎಂಟು ಶ್ರಾವಣ, ಬರಿಗಾಲು, ಎಲ್ಲ ನನ್ನ ಪಾಲಿಗೆ ಬಂತು. ಸೋನಾಬಾಯಿ ತನ್ನ ಬಾಗಿಲಿನಿಂದಲೇ, "ಬರೋಬರ್ ಐತಿ" ಎಂದಳು.

ಆ ಶ್ರಾವಣ ಅವ್ವನೂ ನಾನೂ ಹೊರಟೆವು. ಅವಳದು ಕೊನೆಯದು, ನನ್ನದು ಮೊದಲನೆಯದು. ಅವಳು ರಸ್ತೆಯ ಪಕ್ಕದ ಮಣ್ಣಿನ ಅಂಚಿನಲ್ಲಿ, ಇನ್ನು ಯಾವ ಚಪ್ಪಲಿಯ ತಂಟೆಯೂ ಬೇಡವೆಂದು. ನಾನು ಡಾಂಬರಿನ ಮೇಲೆ, ಯಾಕೆಂದರೆ ಅದು ನಾನು ಮಾಡಿಸಿದ್ದು. ಹನ್ನೆರಡು ವರ್ಷ ನಾನು ಆ ರಸ್ತೆಯನ್ನು ಜೀಪಿನಲ್ಲಿ ಕೂತು, ಸೈಕಲ್ಲಿನಲ್ಲಿ ಕೂತು, ಬೂಟು ಹಾಕಿಕೊಂಡು ನೋಡಿ 'ಕೆಲಸ ತೃಪ್ತಿಕರ' ಎಂದು ಬರೆದವನು. ಈಗ ಅದನ್ನು ಅಂಗಾಲಿನಿಂದ ನೋಡಿದೆ. ದಂಗಾಗಿಹೋದೆ. ಎಲ್ಲಿ ಖಡಿ ಕೂತಿಲ್ಲ, ಎಲ್ಲಿ ರೋಲರು ಎರಡು ಸುತ್ತು ಕಡಿಮೆ ತಿರುಗಿದೆ, ಎಲ್ಲಿ ನಾನು ಚಹಾಕ್ಕೆ ಹೋದಾಗ ಡಾಂಬರು ತೆಳುವಾಗಿದೆ, ಎಲ್ಲ ನನ್ನ ಹಿಮ್ಮಡಿಗೆ ಒಂದೊಂದಾಗಿ ತಿಳಿಯುತ್ತ ಹೋಯಿತು. ಎರಡನೆಯ ಮೈಲಿಗೇ ಬೊಬ್ಬೆ ಎದ್ದವು. ಈ ಕಲ್ಲುಗಳ ಮೇಲೆ ನನ್ನ ನೌಕರಿಗಾಗಿ ಅವ್ವ ಹನ್ನೊಂದು ಸಲ ನಡೆದಿದ್ದಾಳೆ ಎಂದು ನೆನೆದಾಗ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಅವ್ವ ಮುಂದೆ ನಡೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

ನಮ್ಮ ಹೊಸ ತುಂಡು, ಮರುಕಾಯಿಸಿ ಹಾಸಿದ ರಬ್ಬರ್ ರಸ್ತೆ, ಬಂತು. ಮೋಡ ಸರಿದು ಬಿಸಿಲು ಬಿದ್ದಿತ್ತು. ಮೊದಲ ಹೆಜ್ಜೆ ಇಟ್ಟೊಡನೆ ಕಾಲಿಗೆ ಆದ ಸುಖವನ್ನು ನಾನು ಹೇಗೆ ಹೇಳಲಿ? ಮೆತ್ತಗೆ, ಬೆಚ್ಚಗೆ. ಒಂದು ಕಲ್ಲೂ ಚುಚ್ಚದು. ನನ್ನ ನಡಿಗೆ ತಾನಾಗಿ ನಿಧಾನವಾಯಿತು. ಒಂದು ಕಡೆಯಂತೂ ನಿಂತೇಬಿಟ್ಟೆ, ಬೆರಳು ಅಗಲಿಸಿಕೊಂಡು. ಅವ್ವ ಅಂಚಿನಲ್ಲಿ ನಿಂತು ನನ್ನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು.

"ಯಾಕ ನಿಂತೀ?"

ಎಂಟು ವರ್ಷ ಮುಚ್ಚಿಟ್ಟದ್ದರ ಫಲ ಉಣ್ಣುತ್ತಿದ್ದ ನಾನು, ಇನ್ನು ಮುಂದೆ ಅವ್ವನ ಮುಂದೆ ಸುಳ್ಳು ಹೇಳಬಾರದೆಂದು ಆ ಬೆಳಿಗ್ಗೆಯೇ ನಿಶ್ಚಯಿಸಿದ್ದೆ.

"ಹಿತ ಐತೆವ್ವ. ಚಪ್ಪಲಿ ಮೆಟ್ಟಿಕೊಂಡಂಗ ಆಗಾಕತ್ತೈತಿ."

ಅವ್ವ ತಲೆಯಾಡಿಸಿದಳು, ಸೆರಗು ಸರಿಮಾಡಿಕೊಂಡಳು, ಯಡೂರಿನ ಕಡೆ ಮುಖ ತಿರುಗಿಸಿ ಮತ್ತೆ ನಡೆಯಲು ಶುರುಮಾಡಿದಳು.

"ಗೊತ್ತಿದ್ದೂ ಮೆಟ್ಟಿದಿ. ಈ ವರ್ಷದ್ದು ಲೆಕ್ಕಕ್ಕ ಬರೂದಿಲ್ಲ" ಎಂದಳು.